ಇಲ್ಲದ ಹುದ್ದೆ

ನಮ್ಮಲ್ಲಿ ಸತ್ತವರ ಹೆಸರು ಹೇಳುವುದಿಲ್ಲ. ಹೇಳಿದರೆ ಅವರು ಬಂದು ಬಾಗಿಲಲ್ಲಿ ನಿಲ್ಲುತ್ತಾರಂತೆ. ಬರಲಿ. ನಾನು ಹೇಳುತ್ತೇನೆ. ದೊನ್ಕಾ. ನನ್ನ ಅಣ್ಣ ಮೆತೋನ ಹೆಂಡತಿ, ನನ್ನ ಅತ್ತಿಗೆ ದೊನ್ಕಾ. ಊರ ಹೊರಗಿನ ಸುತ್ತುರಸ್ತೆಯಲ್ಲಿ ಕಸ ಗುಡಿಸುತ್ತಿದ್ದಳು. ನವೆಂಬರ್ ತಿಂಗಳ ಮಂಜಿನ ಬೆಳಗು. ಹಿಂದಿನಿಂದ ಬಂದ ಕಾರು ಅವಳನ್ನು ಹೊಡೆದು ಹಾಕಿತು. ಅವಳು ಒಂದು ಕಡೆ ಬಿದ್ದಳು, ಪೊರಕೆ ಒಂದು ಕಡೆ ಬಿತ್ತು.

ಪೊಲೀಸರು ಬರೆದರು: ಕೆಲಸದಾಕೆ ಚಾಲಕನ ಕಣ್ಣಿಗೆ ಕಾಣಿಸಲಿಲ್ಲ. ಅದೇನೋ ನಿಜ. ಇಷ್ಟು ವರ್ಷ ಈ ಊರಿನ ಕಸ ಬಳಿದರೂ ದೊನ್ಕಾ ಯಾರ ಕಣ್ಣಿಗೂ ಕಂಡವಳಲ್ಲ. ಆ ಕಾರಿನವನು ಅವಳನ್ನು ಕಾಣದವರ ಸಾಲಿನಲ್ಲಿ ಕೊನೆಯವನು, ಅಷ್ಟೇ.

ನಾನು ಮಿನ್ಕಾ. ಅವಳು ಕೆಲಸಕ್ಕಿದ್ದ ಕಸದ ಕಂಪನಿಯ ಆಫೀಸಿನಲ್ಲಿ ಕೂರುತ್ತೇನೆ. ನಮ್ಮ ಮೊಹಲ್ಲಾದಿಂದ ಆ ಆಫೀಸಿನ ಒಳಗೆ ಕುರ್ಚಿ ಇರುವುದು ನನಗೊಬ್ಬಳಿಗೇ. ಮೊಹಲ್ಲಾದ ಹೆಂಗಸರನ್ನು ಕೆಲಸಕ್ಕೆ ಕರೆಯಲು ಅವರಿಗೆ ನಮ್ಮ ರೋಮಾ ಜನರ ಮಾತು ಬರುವವಳು ಬೇಕಿತ್ತು. ನಾನು ಓದಿದವಳು. ಹಾಗಾಗಿ ಮೇಜು ಕೊಟ್ಟರು, ಕಂಪ್ಯೂಟರ್ ಕೊಟ್ಟರು. ಕಾಫಿ ಮಾತ್ರ ಬೇರೆ. ಉಳಿದವರಿಗೆ ಕಪಾಟಿನಲ್ಲಿ ಪಿಂಗಾಣಿ ಕಪ್ಪುಗಳಿವೆ, ನನಗೆ ಪ್ಲಾಸ್ಟಿಕ್ ಲೋಟ. ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ. ಒಂದು ದಿನ ನಾನೂ ಪಿಂಗಾಣಿ ಕಪ್ಪು ತೆಗೆದುಕೊಂಡು ಕುಡಿದೆ, ತೊಳೆದಿಟ್ಟೆ. ಮರುದಿನ ನೋಡಿದರೆ ಆ ಕಪ್ಪು ಕಸದ ಡಬ್ಬಿಯಲ್ಲಿತ್ತು. ಒಡೆದಿರಲಿಲ್ಲ. ಒಂದು ಬಿರುಕೂ ಇರಲಿಲ್ಲ.

ಗುಡಿಸುವವರೆಲ್ಲ ನಮ್ಮವರೇ. ಬಲ್ಗೇರಿಯದ ಯಾವ ಊರಿಗೆ ಹೋದರೂ ನಸುಕಿನಲ್ಲಿ ಪೊರಕೆ ಹಿಡಿದವಳು ನಮ್ಮವಳೇ. ಊರೊಳಗಿನ ಬೀದಿಯಾದರೆ ಪರವಾಗಿಲ್ಲ. ಸುತ್ತುರಸ್ತೆ ಬೇರೆ. ಅಲ್ಲಿ ಕಸ ಅಂಚಿನ ಕಬ್ಬಿಣದ ತಡೆಯ ಬುಡದಲ್ಲಿ ಸೇರುತ್ತದೆ. ಗುಡಿಸಬೇಕಾದರೆ ಬರುವ ಗಾಡಿಗಳಿಗೆ ಬೆನ್ನು ಮಾಡಿ ಬಗ್ಗಲೇಬೇಕು. ಲಾರಿಗಳು ಮೊಳದ ದೂರದಲ್ಲಿ ಹಾದುಹೋಗುತ್ತವೆ. ಅವುಗಳ ಗಾಳಿಗೆ ಮೈ ತೂರಾಡುತ್ತದೆ. ಗಂಟಲಲ್ಲಿ ಮಣ್ಣು, ಮೂಗಲ್ಲಿ ಕಪ್ಪು. ಸತ್ತ ನಾಯಿಯನ್ನು ಸಲಿಕೆಯಲ್ಲಿ ಎತ್ತಬೇಕು. ಚಳಿಗಾಲದಲ್ಲಿ ಅದು ರಸ್ತೆಗೆ ಅಂಟಿರುತ್ತದೆ, ಕೆರೆದು ಎತ್ತಬೇಕು. ಉಚ್ಚೆಗೆ ಹೋಗಲು ಒಂದು ಪೊದೆಯಿಲ್ಲ. ಪೆಟ್ರೋಲ್ ಬಂಕಿನವನು ಬಾಗಿಲಲ್ಲೇ ಕೈ ಅಡ್ಡ ಹಿಡಿಯುತ್ತಾನೆ. ಹೆಂಗಸರು ಬೆಳಗಿನಿಂದ ನೀರು ಕುಡಿಯುವುದಿಲ್ಲ. ದೊನ್ಕಾಗೆ ಅದರಿಂದಲೇ ಮೂತ್ರಪಿಂಡದ ನೋವಿತ್ತು. ನೋವು ಬಂದಾಗ ಪೊರಕೆಯ ಕೋಲಿಗೆ ಹೊಟ್ಟೆ ಒತ್ತಿ ನಿಲ್ಲುತ್ತಿದ್ದಳು. ಕಾರಿನಲ್ಲಿ ಹೋಗುವ ಹುಡುಗರು ಅದನ್ನು ನೋಡಿ ಜಿಪ್ಸಿ ಎಂದು ಹೀಯಾಳಿಸಿ ಕೂಗುತ್ತಿದ್ದರು: "ಏಯ್ ತ್ಸಿಗಾನಿ, ನಿಂತೇ ನಿದ್ದೆ ಮಾಡ್ತೀಯೇನೇ?"

ಅವಳು ಸತ್ತ ಮೇಲೆ ಆ ಜಾಗ ಖಾಲಿಯಾಯಿತು. ಕಂಪನಿ ಅದನ್ನು ತುಂಬಲು ಹೊರಟಿತು.

ಮೊದಲ ವಾರವೇ ಪಕ್ಕದ ಓಣಿಯ ಒಬ್ಬಳು ಬಂದಳು. ಉಗ್ರಾಣದವನು ಅವಳಿಗೆ ಪೊರಕೆ ಕೊಟ್ಟ, ಕೈಗವಸು ಕೊಟ್ಟ, ಕಿತ್ತಳೆ ಬಣ್ಣದ ವೆಸ್ಟ್ ಕೊಟ್ಟ. ಅವಳು ತೊಟ್ಟುಕೊಂಡಳು. ಅವಳ ಹಿಂದೆ ನಿಂತಿದ್ದ ಪೆಂಬೆ ಚೀರಿದಳು. ಪೆಂಬೆ ಗುಡಿಸುವವರಲ್ಲೆಲ್ಲ ಹಿರಿಯಳು, ದೊನ್ಕಾ ಬಿದ್ದಾಗ ಜೊತೆಗಿದ್ದವಳು. ವೆಸ್ಟಿನ ಬೆನ್ನಿನಲ್ಲಿ ಒಂದು ಉದ್ದ ಹೊಲಿಗೆ ಇತ್ತು. ಬಿಳಿ ದಾರದಲ್ಲಿ, ಗೋಣಿಚೀಲ ಹೊಲಿದ ಹಾಗೆ. ಹೊಲಿಗೆಯ ಸುತ್ತ ಕಂದು ಬಣ್ಣ ಪೂರ್ತಿ ಹೋಗಿರಲಿಲ್ಲ.

ನಮ್ಮಲ್ಲಿ ಸತ್ತವರ ಬಟ್ಟೆಯನ್ನು ಸುಡುತ್ತಾರೆ. ಅವರು ಕುಡಿದ ಲೋಟವನ್ನೂ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೆ ಅವರು ಅದನ್ನು ಹುಡುಕಿಕೊಂಡು ಬರುತ್ತಾರೆ. ಹಾಗೆ ಬರುವವರನ್ನು ಮುಲೋ ಅನ್ನುತ್ತೇವೆ. ಆ ಹೆಂಗಸು ವೆಸ್ಟನ್ನು ಕಿತ್ತು ನೆಲಕ್ಕೆ ಎಸೆದು, ಮನೆಯವರೆಗೂ ಓಡಿದಳು. ಮಧ್ಯಾಹ್ನದೊಳಗೆ ಸುದ್ದಿ ಮೊಹಲ್ಲಾದ ಮೂಲೆ ಮೂಲೆಗೂ ಮುಟ್ಟಿತು.

ನಾನು ಇಂಜಿನಿಯರ್ ಪೆಂಚೆವ್ ಹತ್ತಿರ ಹೋದೆ. ಕಂಪನಿಯ ಯಜಮಾನಿಕೆ ಅವರದು.

"ಸಾರ್, ಆ ವೆಸ್ಟ್ ಮನೆಯವರಿಗೆ ಕೊಟ್ಟುಬಿಡಿ. ಸುಡಬೇಕು."

"ಯಾಕೆ ಸುಡ್ಬೇಕು? ತೊಳೆಸಿದೀವಲ್ಲ."

"ರಕ್ತ ಹೋಗಿಲ್ಲ ಸಾರ್."

"ಮಿನ್ಕಾ, ಅದು ಕಂಪನಿ ಆಸ್ತಿ. ನಿಮ್ಮ ದೆವ್ವಕ್ಕೆಲ್ಲ ನಾನು ವೆಸ್ಟ್ ಹಂಚ್ತಾ ಕೂತ್ರೆ ಆಯ್ತು ಬಿಡು." ನಕ್ಕರು. ನಾನೂ ನಗಬೇಕೆಂದು ಕಾದರು. ನಾನು ನಗಲಿಲ್ಲ.

ಆಮೇಲೆ ಯಾರೂ ಬರಲಿಲ್ಲ. ಜಾಹೀರಾತನ್ನು ಬಸ್ ನಿಲ್ದಾಣದಲ್ಲಿ, ಅಂಗಡಿಗಳಲ್ಲಿ, ಕಂಬಗಳ ಮೇಲೆ ಅಂಟಿಸಿದೆವು. ನಮ್ಮ ಊರಿನಲ್ಲಿ ಸಾವಿನ ಚೀಟಿಯನ್ನೂ ಅಲ್ಲೇ ಅಂಟಿಸುತ್ತಾರೆ. ಸತ್ತವರ ಫೋಟೋ, ಹೆಸರು, ಮನೆಯವರ ಎರಡು ಮಾತು. ಮಳೆ ಬಿಸಿಲೇ ಅದನ್ನು ತೆಗೆಯಬೇಕು, ಕೈಯಿಂದ ಯಾರೂ ಕೀಳುವುದಿಲ್ಲ. ನಮ್ಮ ಓಣಿಯ ಗೋಡೆಯ ಮೇಲೆ ದೊನ್ಕಾಳ ಚೀಟಿ ಇತ್ತು. ಗುರುತಿನ ಚೀಟಿಯ ಫೋಟೋ, ಕೂದಲು ಹಿಂದಕ್ಕೆ ಬಿಗಿದು, ಪೊಲೀಸರೆದುರು ನಿಂತ ಹಾಗೆ ನೋಡುತ್ತಿದ್ದಳು. ಅವಳ ಪಕ್ಕದಲ್ಲೇ ಕಂಪನಿಯ ಕಾಗದ: ಸುತ್ತುರಸ್ತೆಗೆ ಗುಡಿಸುವವರು ಬೇಕಾಗಿದ್ದಾರೆ, ಆರೋಗ್ಯವಂತರಾಗಿರಬೇಕು. ಹೋಗುವವರು ಮೊದಲು ಅವಳ ಮುಖ ನೋಡುತ್ತಿದ್ದರು, ಆಮೇಲೆ ಕಾಗದ ಓದುತ್ತಿದ್ದರು. ಉಗುಳಿ ಮುಂದೆ ಹೋಗುತ್ತಿದ್ದರು.

ಇಂಜಿನಿಯರ್ ಯೋಚಿಸಿ ಒಂದು ತೀರ್ಮಾನಕ್ಕೆ ಬಂದರು. ವೆಸ್ಟ್ ಸರಿಯಿದೆ, ರಸ್ತೆ ಸರಿಯಿದೆ, ಜಾಹೀರಾತು ಸರಿಯಿಲ್ಲ. ಅದಕ್ಕೆ ಸೋಫಿಯಾದಿಂದ ಒಬ್ಬಳನ್ನು ಕರೆಸಿದರು.

ಅವಳ ಹೆಸರು ದೆನಿಟ್ಸಾ. ಒಳ್ಳೆಯ ಕೆಲಸಗಾರರನ್ನು ಸೆಳೆಯುವ ಜಾಹೀರಾತು ಬರೆಯುವುದನ್ನು ಕಲಿಸುವುದೇ ಅವಳ ಉದ್ಯೋಗ. ಸಣ್ಣ ವಯಸ್ಸು, ಚುರುಕು ಕಣ್ಣು. ನನ್ನ ಕೈ ಕುಲುಕಿದಳು, ಕುಲುಕಿ ಒರೆಸಿಕೊಳ್ಳಲಿಲ್ಲ. ಅಷ್ಟಕ್ಕೆ ನಾನು ಅವಳನ್ನು ಅರ್ಧ ಕ್ಷಮಿಸಿದೆ.

"ಮೊದ್ಲು ಹುದ್ದೆ ಹೆಸರು ಬರೀಬೇಕು ಮಿನ್ಕಾ ಅವರೇ. ಓದಿದ ತಕ್ಷಣ ಇದು ಯಾವ ಕೆಲಸ ಅಂತ ಗೊತ್ತಾಗ್ಬೇಕು. ಆಮೇಲೆ ದಿನ ಹೇಗಿರುತ್ತೆ ಅಂತ. ಬೆಳಿಗ್ಗೆ ಏನ್ ಮಾಡ್ತಾರೆ, ಯಾರ ಜೊತೆ ಮಾಡ್ತಾರೆ. ಈ ಕೆಲಸದಿಂದ ಯಾರಿಗೆ ಉಪಯೋಗ ಅಂತ. ಬೇಡದ ಅರ್ಹತೆ ಕೇಳ್ಬೇಡಿ. ಜಾಗ ಯಾಕೆ ಖಾಲಿ ಇದೆ ಅಂತ ಹೇಳಿದ್ರೆ ಇನ್ನೂ ಒಳ್ಳೇದು. ಜನ ನಂಬ್ತಾರೆ."

"ಯಾಕೆ ಖಾಲಿ ಇದೆ ಅಂತ ಬರೀಲೇಬೇಕಾ?"

"ಬರೆದ್ರೆ ಒಳ್ಳೇದು. ಯಾಕೆ ಖಾಲಿ ಇದೆ?"

ನಾನು ಹೇಳಿದೆ. ಅವಳ ಪೆನ್ನು ನಿಂತಿತು. ಇಂಜಿನಿಯರ್ ಅವಳಿಗೆ ಅದನ್ನು ಹೇಳಿರಲಿಲ್ಲ.

"ಹಾಗಾದ್ರೆ... ಅದನ್ನ ಬಿಡೋಣ," ಅಂದಳು. "ಒಳ್ಳೆ ಅಭ್ಯರ್ಥಿ ಓದುವಾಗ ತನ್ನನ್ನ ತಾನು ಆ ಜಾಗದಲ್ಲಿ ನೋಡ್ಕೋಬೇಕು. ಅದೇ ಮುಖ್ಯ. ನೀವು ಹೋಗಿ ಅವರನ್ನೇ ಕೇಳಿ. ಏನಿದ್ರೆ ಬರ್ತೀರಿ ಅಂತ."

ಕೇಳಲು ಹೋದೆ. ಪೆಂಬೆಯ ಬಾಗಿಲ ಮುಂದೆ ಹೆಂಗಸರು ಸೂರ್ಯಕಾಂತಿ ಬೀಜ ಸುಲಿಯುತ್ತ ಕೂತಿದ್ದರು. ನೆಲವೆಲ್ಲ ಸಿಪ್ಪೆ.

"ಏನೇ ಆಫೀಸಿನವಳೇ, ದಾರಿ ತಪ್ತಾ?" ಒಬ್ಬಳು ಕೇಳಿದಳು.

"ನಿಮ್ಮ ಮೋರೆ ನೋಡೋಣ ಅಂತ ಬಂದೆ. ಏನ್ ಬರೆದ್ರೆ ಕೆಲಸಕ್ಕೆ ಬರ್ತೀರಿ ಹೇಳಿ."

"ಸತ್ರೆ ಪೆಟ್ಟಿಗೆ ಕಂಪನೀದೇ ಅಂತ ಬರಿ!"

"ಇಂಜಿನಿಯರ್ ಹೆಂಡ್ತೀನೂ ಜೊತೇಲಿ ಗುಡಿಸ್ತಾಳೆ ಅಂತ ಬರಿ. ನಾಳೆನೇ ಬರ್ತೀನಿ, ಅವಳ ಬಗ್ಗೋ ಚಂದ ನೋಡೋಕೆ!"

ಬಿದ್ದು ಬಿದ್ದು ನಕ್ಕರು. ಪೆಂಬೆ ನಗಲಿಲ್ಲ. ಅವಳ ಬೆರಳುಗಳು ಪೊರಕೆಯ ಕೋಲಿನ ಸುತ್ತಳತೆಗೇ ಬಾಗಿ ನಿಂತಿವೆ, ನೆಟ್ಟಗಾಗುವುದಿಲ್ಲ. ಆ ಕೈಯನ್ನು ಮುಂದೆ ಚಾಚಿದಳು.

"ಹಿಂದೆ ಲಾರಿ ಬೇಕು ಕಣೇ. ಹಳದಿ ದೀಪದ್ದು. ನಾವು ನಡೆದಷ್ಟು ನಡೀಬೇಕು, ನಿಂತ್ರೆ ನಿಲ್ಬೇಕು. ಬೇರೆ ಏನೂ ಬೇಡ ನಂಗೆ. ವೆಸ್ಟ್ ಹೊಸದು ಕೊಡ್ಲಿ, ಬಿಡ್ಲಿ. ಲಾರಿ ಬೇಕು."

"ಲಾರಿ ಇದೆಯಲ್ಲ ಅವ್ವ, ಅಂಗಳದಲ್ಲಿ."

"ಇದೆ. ನಗರಸಭೆಯೋರು ಬಂದಾಗ ತೋರ್ಸೋಕೆ ಇದೆ. ಬೆಕ್ಕು ಮರಿ ಹಾಕೋಕೆ ಇದೆ." ದನಿ ತಗ್ಗಿಸಿದಳು. "ನಾನು, ಇನ್ನೊಬ್ಳು, ಇಬ್ರೇ ಹೋಗ್ತೀವಿ ಈಗ. ಮಂಜಲ್ಲಿ ಮುಂದೆ ಏನೂ ಕಾಣಲ್ಲ. ನಾವು ಪೊರಕೆ ನಿಲ್ಸಿದ್ರೂ ಸದ್ದು ನಿಲ್ಲಲ್ಲ ಮಿನ್ಕಾ. ಮುಂದೆ ಯಾರೋ ಗುಡಿಸ್ತಾನೇ ಇರ್ತಾರೆ. ಕರ್ರ್, ಕರ್ರ್. ಅವಳಿಗೆ ಇನ್ನೂ ಪಾಳಿ ಮುಗಿದಿಲ್ಲ."

ಬೀಜ ಸುಲಿಯುವುದು ನಿಂತಿತು.

ಅಲ್ಲಿಂದ ಅಣ್ಣನ ಮನೆಗೆ ಹೋದೆ. ಮೆತೋ ಗೋಡೆಗೆ ಒರಗಿ ಕೂತಿದ್ದ. ಒಂದು ಕಾಲದಲ್ಲಿ ಗ್ರೀಸಿನವರೆಗೂ ಲಾರಿ ಓಡಿಸಿದವನು. ಬೆನ್ನುಮೂಳೆ ಸರಿದು ಕೆಲಸ ಹೋಯಿತು, ದೊನ್ಕಾ ಸತ್ತ ಮೇಲೆ ಮಾತೂ ಹೋಯಿತು. ಅವನ ಮಗಳು ಸೆವ್ದಾ ಅಡುಗೆಮನೆಯಲ್ಲಿ ಬೀನ್ಸ್ ಸಾರು ಕುದಿಸುತ್ತಿದ್ದಳು. ಈಗಷ್ಟೇ ಶಾಲೆ ಮುಗಿಸಿದ ಹುಡುಗಿ. ನನ್ನನ್ನು ನೋಡಿ ಉರಿ ಸಣ್ಣ ಮಾಡಿದಳು.

"ಅತ್ತೆ, ನಾನು ಇಂಜಿನಿಯರ್ ಹತ್ರ ಮಾತಾಡ್ದೆ. ಯಾರೂ ಬರ್ದಿದ್ರೆ ಸೋಮವಾರದಿಂದ ನಾನೇ ಹೋಗ್ತೀನಿ."

"ಎಲ್ಲಿಗೆ?"

"ಅಮ್ಮನ ಜಾಗಕ್ಕೆ."

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ.

"ಮನೇಲಿ ದುಡಿಯೋರು ಯಾರಿದ್ದಾರೆ ಹೇಳು. ಅಪ್ಪನ ಔಷಧಿ ಇದೆ. ಬಟ್ಟೆ ಅಂಗಡೀಲಿ ಕೇಳ್ದೆ, ನನ್ನ ಬಣ್ಣ ನೋಡಿ ಜಾಗ ತುಂಬೋಯ್ತು ಅಂದ್ರು. ಬೇಕರೀಲೂ ತುಂಬೋಯ್ತಂತೆ. ಈ ಊರಲ್ಲಿ ನಂಗೋಸ್ಕರ ಖಾಲಿ ಇರೋದು ಅದೊಂದೇ."

"ಆ ವೆಸ್ಟ್ ಕೊಡ್ತಾರೆ ಕಣೇ. ಅದನ್ನೇ."

"ಕೊಡ್ಲಿ. ಬೇರೆಯೋರಿಗೆ ಭಯ. ನಂಗೇನು? ನಮ್ಮಮ್ಮ ನನ್ನನ್ನ ಏನ್ ಮಾಡ್ತಾಳೆ?"

ಮೆತೋ ಗೋಡೆಯ ಕಡೆ ಮುಖ ತಿರುಗಿಸಿದ. ನಾನು ಸಾರು ಮುಟ್ಟದೆ ಎದ್ದು ಬಂದೆ.

ಲೆಕ್ಕ ನನಗೆ ಸ್ಪಷ್ಟವಾಗಿತ್ತು. ನಾನು ಕೆಟ್ಟದಾಗಿ ಬರೆದರೆ ಯಾರೂ ಬರುವುದಿಲ್ಲ, ಸೋಮವಾರ ಸೆವ್ದಾ ಆ ರಸ್ತೆಯಲ್ಲಿ ಬಗ್ಗುತ್ತಾಳೆ. ಚೆನ್ನಾಗಿ ಬರೆದರೆ ಬೇರೆ ಯಾರದೋ ಮಗಳು ಬಗ್ಗುತ್ತಾಳೆ. ಹಿಂದಿನಿಂದ ಕಾರು ಬರುವುದಂತೂ ಎರಡಕ್ಕೂ ತಪ್ಪದು. ದೆನಿಟ್ಸಾ ಕಲಿಸಿದ್ದರಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ಶುಕ್ರವಾರ ಆಫೀಸಿನಲ್ಲಿ ಕೂತು ಬರೆಯತೊಡಗಿದೆ. ಹೊರಗೆ ಹಗಲೇ ಕತ್ತಲು, ಮಂಜು ಕಿಟಕಿಗೆ ಒರಗಿಕೊಂಡಿತ್ತು. "ತೆರೆದ ಗಾಳಿಯಲ್ಲಿ ಕೆಲಸ" ಎಂದು ಬರೆದೆ. ಮೇಜಿನ ಆಚೆ ಯಾರೋ ಮೂಗಿನಲ್ಲಿ ನಕ್ಕ ಹಾಗಾಯಿತು. ತಲೆ ಎತ್ತಿದೆ. ಅಭ್ಯರ್ಥಿಗಳು ಕೂರುವ ಕುರ್ಚಿಯಲ್ಲಿ ದೊನ್ಕಾ ಕೂತಿದ್ದಳು. ನಾನು ಹೆದರಲಿಲ್ಲ ಅಂದರೆ ಸುಳ್ಳಾಗುತ್ತದೆ. ಅವಳು ವೆಸ್ಟ್ ಹಾಕಿರಲಿಲ್ಲ, ಬರೀ ಹಳೆಯ ಸ್ವೆಟರಿನಲ್ಲಿದ್ದಳು. ಚಳಿಗೆ ತೋಳು ಕಟ್ಟಿಕೊಂಡಿದ್ದಳು.

"ಬರಿ, ಬರಿ," ಅಂದಳು. "ಗಾಳಿ ತುಂಬಾ ಚೆನ್ನಾಗಿದೆ. ಕುಡ್ದು ಕುಡ್ದು ಶ್ವಾಸಕೋಶ ಕಪ್ಪಾಗಿದೆ."

"ಸುಮ್ನಿರು ಅತ್ತಿಗೆ. ಅಳಿಸ್ತೀನಿ." ಅಳಿಸಿದೆ. "ಉತ್ಸಾಹಿ ತಂಡ" ಎಂದು ಬರೆದೆ.

"ತಂಡ ಅಂದ್ರೆ ಯಾರು? ಪೆಂಬೇನಾ? ಅವಳಿಗೆ ಕಿವೀನೂ ಸರಿಯಾಗಿ ಕೇಳಲ್ಲ. ಹಿಂದೆ ಗಾಡಿ ಬಂದ್ರೆ ನಾನೇ ಕೂಗಿ ಹೇಳ್ಬೇಕಿತ್ತು. ನಂಗೆ ಹೇಳೋಕೆ ಯಾರಿದ್ರು?"

ಅದನ್ನೂ ಅಳಿಸಿದೆ. ಪರದೆ ಮತ್ತೆ ಬರಿದಾಯಿತು. ಅವಳು ಮುಂದಕ್ಕೆ ಬಾಗಿದಳು. ಅವಳ ಬಾಯಿಂದ ಮಣ್ಣಿನ ವಾಸನೆ ಬರುತ್ತಿತ್ತು. ಅದು ರಸ್ತೆಯ ಮಣ್ಣೋ ಗೋರಿಯ ಮಣ್ಣೋ ತಿಳಿಯಲಿಲ್ಲ.

"ಮಿನ್ಕಾ, ನನ್ ಮಗಳನ್ನ ಅಲ್ಲಿ ನಿಲ್ಲಿಸ್ಬೇಡ," ಅಂದಳು. "ಬೇರೆಯೋರ ಮಗಳನ್ನೂ ನಿಲ್ಲಿಸ್ಬೇಡ. ಅವಳ ಪೊರಕೆ ಸದ್ದೂ ನಂಗೇ ಕೇಳುತ್ತೆ."

ಬಾಗಿಲು ಸದ್ದಾಯಿತು. ಕುರ್ಚಿ ಖಾಲಿಯಿತ್ತು. ಇಂಜಿನಿಯರ್ ಪೆಂಚೆವ್ ಒಳಗೆ ಬಂದರು, ಅವರ ಹಿಂದೆ ದೆನಿಟ್ಸಾ ಬಂದಳು.

ನಾನು ಅವರೆದುರೇ ಒಂದು ಸಾಲು ಬರೆದೆ: ಗುಡಿಸುವವರ ಹಿಂದೆ ಸದಾ ದೀಪದ ಲಾರಿ ಇರುತ್ತದೆ. ಇಂಜಿನಿಯರ್ ನನ್ನ ಹೆಗಲ ಮೇಲಿಂದ ಓದಿದರು.

"ಇದನ್ನ ತೆಗಿ."

"ಹೆಂಗಸರು ಕೇಳಿದ್ದು ಇದೊಂದೇ ಸಾರ್. ಇದಿದ್ರೆ ಬರ್ತಾರೆ. ಲಾರಿ ನಮ್ಮ ಅಂಗಳದಲ್ಲೇ ನಿಂತಿದೆ."

"ಲಾರಿ ಇದೆ. ಓಡ್ಸೋನು ಎಲ್ಲಿ? ಅದಕ್ಕೆ ಡ್ರೈವರ್ ಹುದ್ದೇನೇ ಇಲ್ಲ."

"ಹುದ್ದೆ ಮಾಡಿ ಸಾರ್."

"ಯಾರಿಗೋಸ್ಕರ? ಪೊರಕೆ ಹಿಡಿದ ನಾಲ್ಕು ಹೆಂಗಸರಿಗೆ ಮೆರವಣಿಗೆ ಮಾಡ್ಸೋಕಾ?" ಅವರು ದೆನಿಟ್ಸಾ ಕಡೆ ತಿರುಗಿದರು. "ನೋಡಿ, ಇವರಿಗೆ ಒಂದು ಕುರ್ಚಿ ಕೊಟ್ರೆ ಮೇಜು ಕೇಳ್ತಾರೆ. ಮಿನ್ಕಾ, ಸೋಮವಾರಕ್ಕೆ ಯಾರಾದ್ರೂ ಬರ್ಬೇಕು. ಇಲ್ಲಾಂದ್ರೆ ನಿಮ್ಮಣ್ಣನ ಮಗಳು ಇದ್ದೇ ಇದ್ದಾಳೆ. ಒಳ್ಳೆ ಹುಡುಗಿ, ದೆವ್ವ ಗಿವ್ವ ನಂಬಲ್ಲ."

ಹೊರಟುಹೋದರು. ದೆನಿಟ್ಸಾ ಉಳಿದಳು. ಪರದೆಯ ಮೇಲಿನ ಆ ಒಂದು ಸಾಲು ನೋಡುತ್ತ ನಿಂತಳು.

"ಆ ಡ್ರೈವರ್ ಇದ್ದಿದ್ರೆ ಆಕೆ ಬದುಕ್ತಿದ್ರಾ?" ಕೇಳಿದಳು.

"ಮಂಜಲ್ಲೂ ಆ ದೀಪ ಮೈಲಿ ದೂರಕ್ಕೆ ಕಾಣುತ್ತೆ."

ಅವಳು ಬ್ಯಾಗ್ ತೆಗೆದುಕೊಂಡು ಹೋದಳು.

ನಾನು ಬಹಳ ಹೊತ್ತು ಕೂತೆ. ಹುದ್ದೆಯೇ ಇಲ್ಲ. ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ಎಳೆಯ ಹಾಗೆ ಕಾಡಿತು. ಖಾಲಿ ಬಿದ್ದದ್ದು ದೊನ್ಕಾಳ ಜಾಗ ಅಂದುಕೊಂಡಿದ್ದೆವು. ಅವಳ ಹಿಂದಿನ ಜಾಗ ಮೊದಲಿನಿಂದಲೂ ಖಾಲಿ ಇತ್ತು. ಆ ಖಾಲಿಯಲ್ಲೇ ಕಾರು ನುಗ್ಗಿತು. ಅದಕ್ಕೆ ಯಾರೂ ಒಂದು ಜಾಹೀರಾತು ಹಾಕಿರಲಿಲ್ಲ. ನನಗೆ ಬರೆಯಲು ಬರುತ್ತದೆ. ಹೇಗೆ ಬರೆಯಬೇಕೆಂದು ಕಂಪನಿಯೇ ದುಡ್ಡು ಕೊಟ್ಟು ಕಲಿಸಿದೆ. ಬರೆದೆ.

"ಬೇಕಾಗಿದ್ದಾರೆ: ಬೆನ್ನು ಕಾಯುವ ಡ್ರೈವರ್.

ಕೆಲಸ: ಸುತ್ತುರಸ್ತೆಯಲ್ಲಿ ಗುಡಿಸುವ ಹೆಂಗಸರ ಹಿಂದೆ ಹಳದಿ ದೀಪ ಹಚ್ಚಿದ ಲಾರಿಯನ್ನು ಅವರ ನಡಿಗೆಯ ವೇಗದಲ್ಲಿ ಓಡಿಸುವುದು. ಅವರು ನಿಂತರೆ ನಿಲ್ಲುವುದು. ಒಬ್ಬಳು ಹೊಟ್ಟೆ ಹಿಡಿದು ನಿಂತರೆ ಅವಳು ಸುಧಾರಿಸುವವರೆಗೆ ಕಾಯುವುದು.

ದಿನ ಹೇಗಿರುತ್ತದೆ: ಬೇಸರ ಬರುತ್ತದೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ತಾಯಿ ತಂಗಿಯನ್ನು ಎತ್ತಿ ಬೈಯುತ್ತಾರೆ. ಜಗ್ಗಬಾರದು.

ಅರ್ಹತೆ: ಲಾರಿ ಲೈಸೆನ್ಸ್. ಕುಡಿದಿರಬಾರದು. ಮುಂದೆ ಬಗ್ಗಿರುವವಳು ಮನುಷ್ಯಳು ಎಂಬುದು ಗೊತ್ತಿರಬೇಕು. ಜಾತಿ, ಬಣ್ಣ, ವಯಸ್ಸು ಯಾವುದಾದರೂ ಸರಿ.

ಯಾರಿಗೆ ಉಪಯೋಗ: ಸಂಜೆ ತಾಯಿ ಮನೆಗೆ ಬರಲೆಂದು ಕಾಯುವ ಮಕ್ಕಳಿಗೆ.

ಹುದ್ದೆ ಏಕೆ ಖಾಲಿ ಇದೆ: ಇದುವರೆಗೆ ಯಾರನ್ನೂ ತೆಗೆದುಕೊಂಡಿಲ್ಲ. ಆದ್ದರಿಂದ ನವೆಂಬರಿನಲ್ಲಿ ದೊನ್ಕಾ ಸತ್ತಳು.

ಸೋಮವಾರ ಬೆಳಿಗ್ಗೆ ಕಂಪನಿಯ ಅಂಗಳಕ್ಕೆ ಬನ್ನಿ."

ಕಂಪನಿಯ ಮೊಹರು ನನ್ನ ಮೇಜಿನ ಖಾನೆಯಲ್ಲೇ ಇರುತ್ತದೆ. ಪ್ರತಿಗಳನ್ನು ತೆಗೆದು ಒಂದೊಂದಕ್ಕೂ ಒತ್ತಿದೆ. ಕೆಲಸ ಹೋಗುತ್ತದೆ ಅಂತ ಗೊತ್ತಿತ್ತು. ನನ್ನ ಮೊಹಲ್ಲಾದಲ್ಲಿ ಕುರ್ಚಿ ಮೇಲೆ ಕೂತವಳು ನಾನೊಬ್ಬಳೇ ಅನ್ನುವ ಜಂಬ ನನಗೂ ಇತ್ತು. ಅದನ್ನು ಬಿಡಲು ಮನಸ್ಸಿರಲಿಲ್ಲ. ಬಿಟ್ಟೆ.

ಭಾನುವಾರ ಅಂಟಿನ ಬಕೆಟ್ಟು ಹಿಡಿದು ಹೊರಟಾಗ ಸೆವ್ದಾ ಎದುರಾದಳು. ನನ್ನ ಕಂಕುಳಲ್ಲಿದ್ದ ಕಾಗದ ಎಳೆದುಕೊಂಡು ಓದಿದಳು. ಅಮ್ಮನ ಹೆಸರು ಬಂದ ಕಡೆ ಅವಳ ಬೆರಳು ನಿಂತಿತು. ಸತ್ತವರ ಹೆಸರನ್ನು ನಾನು ಬರೆದುಬಿಟ್ಟಿದ್ದೆ. ಬೈಯುತ್ತಾಳೆ ಅಂದುಕೊಂಡೆ.

"ಬಕೆಟ್ ಕೊಡತ್ತೆ," ಅಂದಳು. "ನಿಂಗೆ ಎತ್ತರಕ್ಕೆ ಎಟುಕಲ್ಲ."

ಮೊಹಲ್ಲಾದ ಗೋಡೆಗಳಿಗೆ ಅಂಟಿಸಿದೆವು. ದೊಡ್ಡ ಕಟ್ಟಡಗಳ ಬಾಗಿಲುಗಳಿಗೆ, ಬಸ್ ನಿಲ್ದಾಣಕ್ಕೆ, ಚರ್ಚಿನ ಎದುರಿನ ಕಂಬಕ್ಕೆ, ಉದ್ಯೋಗ ಕಚೇರಿಯ ಗಾಜಿಗೆ. ಎಲ್ಲ ಕಡೆ ಯಾರದೋ ಸಾವಿನ ಚೀಟಿ ಇತ್ತು. ನಾವು ಯಾರ ಮುಖವನ್ನೂ ಮುಚ್ಚಲಿಲ್ಲ. ಪಕ್ಕದಲ್ಲಿ ಜಾಗ ಹುಡುಕಿ ಅಂಟಿಸಿದೆವು. ಸತ್ತವರೆಲ್ಲ ನಮ್ಮ ಕಾಗದದ ಸುತ್ತ ಸೇರಿ ಓದುತ್ತಿರುವ ಹಾಗೆ ನನಗೆ ಕಂಡಿತು. ಒಬ್ಬ ಮುದುಕ ನಿಂತು, ಕನ್ನಡಕ ಏರಿಸಿ, ಮೊದಲಿನಿಂದ ಕೊನೆಯವರೆಗೂ ಓದಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೋದ.

ಸೋಮವಾರ ಬೆಳಿಗ್ಗೆ ಅಂಗಳ ತುಂಬಿತ್ತು.

ಮೊಹಲ್ಲಾದ ಗಂಡಸರು ಬಂದಿದ್ದರು. ಗಡ್ಡ ಬೋಳಿಸಿ, ಮದುವೆಗೆ ಹಾಕುವ ಕೋಟು ಹಾಕಿ ಬಂದಿದ್ದರು. ಊರಿನ ಬಲ್ಗೇರಿಯನ್ನರೂ ಬಂದಿದ್ದರು. ಕೆಲಸ ಕಳೆದುಕೊಂಡ ಬಸ್ ಡ್ರೈವರ್, ಪಿಂಚಣಿ ಸಾಲದ ಮುದುಕ, ಹಾಲಿನ ಲಾರಿ ಓಡಿಸಿದ್ದ ಒಬ್ಬ ದಪ್ಪ ಹೆಂಗಸು. ಎಲ್ಲರ ಕೈಯಲ್ಲೂ ಲೈಸೆನ್ಸ್. ಕಂಪನಿಯ ಯಾವ ಜಾಹೀರಾತಿಗೂ ಇಷ್ಟು ಜನ ಬಂದಿರಲಿಲ್ಲ. ದೆನಿಟ್ಸಾ ಅಂಗಳದಲ್ಲಿ ಮೇಜು ಹಾಕಿಸಿಕೊಂಡು ಕೂತಿದ್ದಳು. ಗುಡಿಸುವವರ ಸಂದರ್ಶನಕ್ಕೆಂದು ಬಂದವಳು, ಸಾಲು ನೋಡಿ ದಂಗಾಗಿದ್ದಳು. ಅವಳ ಮುಂದೆ ಮೇಜಿನ ಮೇಲೆ, ಮಡಚಿದ ಆ ವೆಸ್ಟ್ ಇತ್ತು.

ಇಂಜಿನಿಯರ್ ಕೆಂಪಗಾಗಿ ಹೊರಗೆ ಬಂದರು. ಕೈಯಲ್ಲಿ ಕಿತ್ತು ತಂದ ನನ್ನ ಕಾಗದ.

"ಯಾರು ಹಾಕಿದ್ದು ಇದನ್ನ?"

"ನಾನು ಸಾರ್."

"ನಿನ್ನ ಕೆಲಸ ಮುಗೀತು. ಈಗಲೇ ಹೊರಡು!"

"ಸರಿ ಸಾರ್." ನಾನು ಹೊರಡಲಿಲ್ಲ. ಹೋಗಿ ಪೆಂಬೆಯ ಪಕ್ಕ ನಿಂತೆ.

"ಎಲ್ರೂ ಮನೆಗೆ ಹೋಗಿ! ಅಂಥ ಹುದ್ದೆ ಇಲ್ಲ!"

"ಮೊಹರು ಇದೆಯಲ್ಲ," ಪಿಂಚಣಿಯ ಮುದುಕ ಅಂದ. "ಬೆಳಿಗ್ಗೆ ಬಸ್ ಹಿಡ್ಕೊಂಡು ಬಂದಿದೀನಿ. ಹುದ್ದೆ ಇಲ್ಲ ಅಂದ್ರೆ ಹೇಗೆ? ಆ ಹೆಣ್ಣುಮಗಳು ಸತ್ತಿರೋದಾದ್ರೂ ನಿಜ ತಾನೆ?"

ಇಂಜಿನಿಯರ್ ಗುಡಿಸುವ ಹೆಂಗಸರ ಕಡೆ ತಿರುಗಿದರು. "ನಿಮಗೇನು? ಪಾಳಿ ಶುರುವಾಯ್ತು, ನಡೀರಿ!"

ಪೆಂಬೆ ಕೂತುಬಿಟ್ಟಳು. ಸಿಮೆಂಟಿನ ನೆಲದ ಮೇಲೆ, ಪೊರಕೆ ಮಡಿಲಲ್ಲಿಟ್ಟುಕೊಂಡು. ಅವಳ ಪಕ್ಕದವಳೂ ಕೂತಳು. ಊರೊಳಗಿನ ಬೀದಿ ಗುಡಿಸುವವರೂ ಒಬ್ಬೊಬ್ಬರಾಗಿ ಕೂತರು. ಅವರಿಗೆ ಸುತ್ತುರಸ್ತೆಯ ಪಾಳಿ ಇರಲಿಲ್ಲ. ಆದರೂ ಕೂತರು. ನಾನೂ ಕೂತೆ.

"ನಂಗೆ ಓದೋಕೆ ಬರಲ್ಲ ಸಾಹೇಬ್ರೆ," ಪೆಂಬೆ ಅಂದಳು. "ಮೊಮ್ಮಗಳ ಕೈಲಿ ಓದಿಸ್ದೆ. ಎರಡು ಸಲ ಓದಿಸ್ದೆ. ನನ್ನ ಬೆನ್ನಿನ ವಿಷ್ಯ ಇಷ್ಟು ಚೆನ್ನಾಗಿ ಯಾರೂ ಬರೆದಿರ್ಲಿಲ್ಲ. ಲಾರಿ ಬರ್ಲಿ, ಏಳ್ತೀವಿ."

ಇಂಜಿನಿಯರ್ ಸುತ್ತ ನೋಡಿದರು. ಸೆವ್ದಾ ಕಂಡಳು. ಅವರ ಮುಖ ಸಡಿಲವಾಯಿತು. ಮೇಜಿನ ಮೇಲಿನ ವೆಸ್ಟ್ ಎತ್ತಿ ಅವಳ ಮುಂದೆ ಹಿಡಿದರು.

"ಬಾಮ್ಮ, ನೀನೇ ತಾನೆ ಕೆಲಸ ಕೇಳಿದ್ದು? ಹಾಕ್ಕೊ. ನೀನು ಓದಿದ ಹುಡುಗಿ, ಇವರ ಥರ ಅಲ್ಲ. ಹೋಗು, ತೋರ್ಸು ಇವರಿಗೆ."

ಸೆವ್ದಾ ವೆಸ್ಟನ್ನು ಕೈಗೆ ತೆಗೆದುಕೊಂಡಳು. ಬಿಚ್ಚಿದಳು. ಬೆನ್ನಿನ ಬಿಳಿ ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದಳು, ಮೇಲಿನಿಂದ ಕೆಳಗಿನವರೆಗೂ. ಆಗ ಅವಳಿಗೆ ಭಯವಾಯಿತು. ನಾನು ನೋಡಿದೆ. ಅಮ್ಮನ ಭಯವಲ್ಲ ಅದು. ಬೆರಳು ಹೋದಷ್ಟು ಉದ್ದಕ್ಕೂ ಅಮ್ಮನ ಬೆನ್ನು ಹರಿದಿತ್ತು ಅನ್ನುವುದು ಅವಳಿಗೆ ಈಗ ಗೊತ್ತಾಯಿತು.

"ಇದು ನಮ್ಮಮ್ಮಂದು," ಅಂದಳು. "ಇದನ್ನ ನಾವು ಸುಡ್ತೀವಿ. ನಂಗೆ ಹೊಸದು ಕೊಡಿ."

"ಕಂಪನಿ ಆಸ್ತಿ ಅದು..."

"ಅವಳು ನಿಮ್ಮ ಆಸ್ತಿ ಅಲ್ಲ!" ಹುಡುಗಿ ವೆಸ್ಟನ್ನು ಎದೆಗೆ ಒತ್ತಿಕೊಂಡಳು. ಮೂಲೆಯಲ್ಲಿ ನಿಂತ ಲಾರಿಯ ಹತ್ತಿರ ನಡೆದಳು. ಚಕ್ರದ ಪಕ್ಕದಲ್ಲಿ ಮಲಗಿದ್ದ ಬೆಕ್ಕು ಎದ್ದು ಓಡಿತು. ಲಾರಿಯ ಮುಂದೆ, ರಸ್ತೆಯ ಕಡೆ ಮುಖ ಮಾಡಿ, ನಮಗೆಲ್ಲ ಬೆನ್ನು ಕೊಟ್ಟು ನಿಂತಳು. "ನಾನು ಗುಡಿಸ್ತೀನಿ. ನಾನು ತಯಾರು. ನನ್ನ ಹಿಂದೆ ಯಾರು?"

ಸಾಲು ಅಲುಗಿತು. ಯಾರೋ ಜನರನ್ನು ಸರಿಸಿಕೊಂಡು ಮೇಜಿನ ಹತ್ತಿರ ಬಂದ. ಒಂದು ಕೈ ಸೊಂಟದ ಮೇಲಿತ್ತು, ಕಾಲು ಎಳೆಯುತ್ತಿತ್ತು. ನನ್ನ ಅಣ್ಣ. ಅವನು ಸಾಲಿನಲ್ಲಿ ಇದ್ದದ್ದು ನನಗೇ ಗೊತ್ತಿರಲಿಲ್ಲ. ಸವೆದ ಲೈಸೆನ್ಸನ್ನು ಮೇಜಿನ ಮೇಲೆ ಇಟ್ಟ.

ದೆನಿಟ್ಸಾ ಇಂಜಿನಿಯರ್ ಕಡೆ ನೋಡಲಿಲ್ಲ. ಪೆನ್ನು ತೆಗೆದಳು.

"ಹೆಸರು?"

"ಮೆತೋ."

"ಈ ಕೆಲಸದಲ್ಲಿ ನಿಮ್ಮ ಅನುಭವ ಏನು?"

ಮೆತೋ ಬಾಯಿ ತೆರೆದ. ಎಷ್ಟೋ ದಿನದಿಂದ ಮಾತಾಡದ ಬಾಯಿ, ಮೊದಲು ಗಾಳಿ ಮಾತ್ರ ಬಂತು.

"ನನ್ನ ಹೆಂಡ್ತಿ ಮುಂದೆ ಗುಡಿಸ್ತಿದ್ಲು," ಅಂದ. "ಹಿಂದೆ ಯಾರೂ ಇರ್ಲಿಲ್ಲ."

ದೆನಿಟ್ಸಾ ಅದನ್ನು ಬರೆದುಕೊಂಡಳು.

"ಲಾರಿ ಕೀಲಿ ಕೊಡಿ," ಮೆತೋ ಇಂಜಿನಿಯರಿಗೆ ಹೇಳಿದ.

ಇಂಜಿನಿಯರ್ ಕೈ ಜೇಬಿಗೆ ಹೋಯಿತು. ಅಲ್ಲೇ ನಿಂತಿತು. ಯಾರೂ ಏಳಲಿಲ್ಲ, ಯಾರೂ ಮನೆಗೆ ಹೋಗಲಿಲ್ಲ. ಹುಡುಗಿ ಬೆನ್ನು ತಿರುಗಿಸಿಕೊಂಡೇ ನಿಂತಿದ್ದಳು. ನಾವೆಲ್ಲ ಆ ಜೇಬನ್ನೇ ನೋಡುತ್ತ ಕೂತೆವು.